ಕಲ್ಟ್ ತಾರೆಯ ಟೇಬಲ್ ಮುಂದೆ ಎರಡು ನಿಮಿಷ: ಆಟೋಗ್ರಾಫ್ ಕನ್ವೆನ್ಷನ್‌ಗೆ ಹೊರಟವರಿಗೆ

ದುಡ್ಡು ಕೊಟ್ಟು ಹಸ್ತಾಕ್ಷರ ಹಾಕಿಸಿಕೊಳ್ಳುವುದು ನಮ್ಮ ಕಡೆಯ ಸಿನಿಮಾ ಅಭಿಮಾನಿಗಳಿಗೆ ಒಗ್ಗದ ಮಾತು. ಇಲ್ಲಿ ನಟರ ಹುಟ್ಟುಹಬ್ಬಕ್ಕೆ ಮಧ್ಯರಾತ್ರಿಯಿಂದ ಮನೆ ಮುಂದೆ ನಿಂತರೆ ದರ್ಶನವಾದರೂ ಸಿಗುತ್ತದೆ, ಅದಕ್ಕೆ ಟಿಕೆಟ್ ಇಲ್ಲ. ಅಮೆರಿಕ, ಇಂಗ್ಲೆಂಡಿನ ಹಾರರ್ ಮತ್ತು ಕಲ್ಟ್ (ಸಣ್ಣದಾದರೂ ಬಿಡದ ಅಭಿಮಾನಿ ಬಳಗವಿರುವ) ಸಿನಿಮಾ ಕನ್ವೆನ್ಷನ್‌ಗಳ ಲೆಕ್ಕವೇ ಬೇರೆ. ಒಳಗೆ ಹೋಗಲು ಒಂದು ಟಿಕೆಟ್, ಸಹಿಗೆ ಬೇರೆ ದುಡ್ಡು, ಜೊತೆಯಲ್ಲಿ ನಿಂತು ಫೋಟೊ ಬೇಕೆಂದರೆ ಅದಕ್ಕೂ ಬೇರೆ. ಮೂಗು ಮುರಿಯುವ ಮೊದಲು ಇಷ್ಟು ತಿಳಿದಿರಲಿ: 1970-80ರ ದಶಕದ ಕಡಿಮೆ ಬಜೆಟ್ಟಿನ ಚಿತ್ರಗಳಲ್ಲಿ ನಟಿಸಿದ ಬಹಳ ಮಂದಿಗೆ ಸಿಕ್ಕಿದ್ದು ಒಂದೇ ಸಲದ ಸಂಭಾವನೆ. ಆಮೇಲೆ ವಿಎಚ್‌ಎಸ್, ಡಿವಿಡಿ, ಬ್ಲೂ-ರೇ ಎಂದು ಅದೇ ಚಿತ್ರ ಎಷ್ಟು ಸಲ ಮಾರಾಟವಾದರೂ ಅವರ ಕೈಗೆ ಬಂದದ್ದು ಅಲ್ಪ, ಇಲ್ಲವೇ ಸೊನ್ನೆ. ಕನ್ವೆನ್ಷನ್ ಟೇಬಲ್ಲಿನ ದುಡ್ಡು ಅವರ ಪಾಲಿಗೆ ತಡವಾಗಿ ಬಂದ ಬಾಕಿ ಎಂದುಕೊಂಡರೆ ಕೊಡುವಾಗ ಕೈ ಹಿಂಜರಿಯುವುದಿಲ್ಲ.

ಆ ದುಡ್ಡಿಗೆ ನಿಮಗೆ ಸಿಗುವುದು ಒಂದು ಸಹಿ, ಜೊತೆಗೆ ಹೆಚ್ಚೆಂದರೆ ಎರಡು ನಿಮಿಷದ ಮಾತು. ಯಾವ ಪೆನ್ನು, ಎಲ್ಲಿ ಸಹಿ, ಹೆಸರಿನ ಸ್ಪೆಲಿಂಗ್ ಏನು, ಚಿಲ್ಲರೆ ಇದೆಯಾ ಅನ್ನುವುದರಲ್ಲೇ ಎಷ್ಟೋ ಜನರ ಎರಡು ನಿಮಿಷ ಮುಗಿದುಹೋಗುತ್ತದೆ. ಕ್ಯೂ ತಲುಪುವ ಮೊದಲೇ ಇವನ್ನೆಲ್ಲ ತೀರ್ಮಾನಿಸಿಕೊಂಡರೆ ಮಾತಿಗೆ ಜಾಗ ಉಳಿಯುತ್ತದೆ.

ಎಲ್ಲಿ, ಯಾವಾಗ

ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಅಕ್ಟೋಬರ್ ಕೊನೆಯ ಹೊತ್ತಿಗೆ ನಡೆಯುವ ಚಿಲ್ಲರ್ ಥಿಯೇಟರ್ ಎಕ್ಸ್‌ಪೋ ಈ ಬಗೆಯ ಮೇಳಗಳಲ್ಲಿ ಹಳೆಯದು. ಎಡಿಸನ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಇದೇ ಹತ್ತಿರ. ಎರಡೂ ಊರು ಐ-287 ಹೆದ್ದಾರಿಯ ಮಗ್ಗುಲಲ್ಲೇ ಇವೆ. ಡಲ್ಲಾಸ್ ಕಡೆಯವರಿಗೆ ಟೆಕ್ಸಾಸ್ ಫ್ರೈಟ್‌ಮೇರ್ ವೀಕೆಂಡ್, ಒಹಾಯೊದವರಿಗೆ ಹಾರರ್‌ಹೌಂಡ್ ವೀಕೆಂಡ್, ಫಿಲಡೆಲ್ಫಿಯಾ-ಬಾಲ್ಟಿಮೋರ್ ಭಾಗದವರಿಗೆ ಮಾನ್ಸ್ಟರ್-ಮೇನಿಯಾ ಇದೆ. ಇಂಗ್ಲೆಂಡಿನಲ್ಲಿ ಶೋಮಾಸ್ಟರ್ಸ್ ಸಂಸ್ಥೆ ನಡೆಸುವ ಲಂಡನ್ ಫಿಲ್ಮ್ ಅಂಡ್ ಕಾಮಿಕ್ ಕಾನ್ ದೊಡ್ಡದು.

ನೀವು ನೋಡಬೇಕೆಂದಿರುವ ನಟಿ ದೊಡ್ಡ ಮೇಳಕ್ಕೂ ಸಣ್ಣ ಮೇಳಕ್ಕೂ ಬರುವವರಾದರೆ ಕಣ್ಣುಮುಚ್ಚಿ ಸಣ್ಣದನ್ನೇ ಆರಿಸಿ. ಹೋಟೆಲ್ಲಿನ ಬಾಲ್‌ರೂಮಿನಲ್ಲಿ ನಡೆಯುವ ಮೇಳದಲ್ಲಿ ಆಕೆಯ ಮುಂದೆ ಐದಾರು ಜನ ಇರುತ್ತಾರೆ. ದೊಡ್ಡ ಪ್ರದರ್ಶನ ಸಭಾಂಗಣದಲ್ಲಿ ನಡೆಯುವ ಕಾಮಿಕ್ ಕಾನ್‌ನಲ್ಲಿ ಪಕ್ಕದ ಟೇಬಲ್ಲಿಗೆ ಟಿವಿ ಧಾರಾವಾಹಿಯ ದೊಡ್ಡ ತಾರೆ ಬಂದಿದ್ದರೆ ಆ ಕ್ಯೂ ಈ ಟೇಬಲ್ಲನ್ನೂ ಮುಚ್ಚಿಹಾಕುತ್ತದೆ, ಮಾತು ಕೇಳಿಸುವುದೇ ಕಷ್ಟ.

ಅತಿಥಿ ಪಟ್ಟಿಯನ್ನು ಮೂರು ಸಲ ನೋಡಿ: ಟಿಕೆಟ್ ಕೊಳ್ಳುವಾಗ, ಹೊರಡುವ ಹಿಂದಿನ ವಾರ, ಹೊರಡುವ ಬೆಳಿಗ್ಗೆ. ಬರುವುದಿಲ್ಲ ಎಂಬ ಸುದ್ದಿ ಕೊನೇ ಗಳಿಗೆಯಲ್ಲಿ ಬರುವುದು ಮಾಮೂಲು. ಹೊಸ ಚಿತ್ರೀಕರಣ, ಅನಾರೋಗ್ಯ, ವಿಮಾನ ರದ್ದು, ಕಾರಣ ಏನೂ ಆಗಬಹುದು. ಆಯೋಜಕರು ಅದನ್ನು ಮೊದಲು ಹಾಕುವುದು ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಮಿನಲ್ಲಿ. ಜಾಲತಾಣದ ಪಟ್ಟಿ ಹಳೆಯದಾಗಿಯೇ ಉಳಿದಿರುತ್ತದೆ. ಪ್ರವೇಶ ಟಿಕೆಟ್ಟಿನ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಮುಂಗಡ ಕಾದಿರಿಸಿದ, ಸ್ಟುಡಿಯೊ ಬೆಳಕಿನಲ್ಲಿ ತಾರೆಯ ಜೊತೆ ತೆಗೆಯುವ ಫೋಟೊ ಆಪ್‌ನ ಹಣ ಬರುತ್ತದೆ. ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ 'ಶನಿವಾರ ಮಾತ್ರ' ಎಂದಿದೆಯೇ ಎನ್ನುವುದನ್ನೂ ಗಮನಿಸಿ.

ಮೂರು ದಿನದ ಮೇಳದಲ್ಲಿ ಶುಕ್ರವಾರ ಸಂಜೆ ಒಳ್ಳೆಯ ಹೊತ್ತು. ಜನ ಕಡಿಮೆ, ಅತಿಥಿಗಳಿಗೆ ಇನ್ನೂ ದಣಿವಾಗಿರುವುದಿಲ್ಲ. ಕೆಲವರ ವಿಮಾನ ಆ ಸಂಜೆ ತಡವಾಗಿ ಇಳಿಯಬಹುದು ಅನ್ನುವುದೊಂದೇ ಅಪಾಯ. ಶನಿವಾರ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ನೂಕುನುಗ್ಗಲು. ಭಾನುವಾರ ಮಧ್ಯಾಹ್ನ ಮತ್ತೆ ಖಾಲಿಯಾಗುತ್ತದೆ, ಆದರೆ ವಿಮಾನ ಹಿಡಿಯುವವರು 2 ಗಂಟೆಗೇ ಟೇಬಲ್ ಕಟ್ಟಿ ಹೊರಡುತ್ತಾರೆ. ಭಾನುವಾರವನ್ನೇ ನಂಬಿದವರು ಬರಿಗೈಲಿ ಹೋಗುವುದು ಉಂಟು. ಟೇಬಲ್ ಖಾಲಿ ಕಂಡರೆ ಗಾಬರಿ ಬೇಡ. ಊಟಕ್ಕೆ, ವೇದಿಕೆಯ ಸಂವಾದಕ್ಕೆ, ಫೋಟೊ ಆಪ್‌ಗೆ ಎದ್ದು ಹೋಗಿರುತ್ತಾರೆ. ವಾಪಸ್ ಎಷ್ಟು ಹೊತ್ತಿಗೆ ಎಂದು ಪಕ್ಕದ ಟೇಬಲ್ಲಿನ ಸಹಾಯಕರನ್ನು ಕೇಳಿ.

ಯಾವುದರ ಮೇಲೆ ಸಹಿ

ಬರಿಗೈಲಿ ಹೋದರೂ ನಡೆಯುತ್ತದೆ. ಟೇಬಲ್ ಮೇಲೆ ಹತ್ತಿಪ್ಪತ್ತು ಬಗೆಯ 8×10 ಇಂಚಿನ ಫೋಟೊಗಳಿರುತ್ತವೆ, ಸಹಿಯ ಬೆಲೆಯಲ್ಲೇ ಒಂದು ಫೋಟೊ ಸೇರಿರುತ್ತದೆ. ನೀವು ತಂದ ವಸ್ತುವಿಗೂ ಬಹುತೇಕ ಅದೇ ಬೆಲೆ. ದೊಡ್ಡ ಪೋಸ್ಟರ್ ಅಥವಾ ಗೊಂಬೆಯಾದರೆ ಕೆಲವರು ಹೆಚ್ಚು ಕೇಳುತ್ತಾರೆ.

ಮನೆಯಿಂದ ಒಯ್ಯುವುದಾದರೆ ವಸ್ತುವನ್ನು ಸಹಿಯ ದೃಷ್ಟಿಯಿಂದ ನೋಡಿ. ಅಂಗೈಯಗಲದ ಖಾಲಿ ಜಾಗ, ಅದೂ ಒಂದೇ ಬಣ್ಣದ್ದು, ಎಲ್ಲಾದರೂ ಇದೆಯೇ? ಆಕಾಶ, ಗೋಡೆ, ಕಪ್ಪು ಹಿನ್ನೆಲೆ ಒಳ್ಳೆಯದು. ಮುಖ, ಕೂದಲು, ಚಿತ್ರವಿಚಿತ್ರ ಬಟ್ಟೆಯ ಮೇಲೆ ಬಿದ್ದ ಸಹಿ ಕಳೆದುಹೋಗುತ್ತದೆ. ಡಿವಿಡಿ, ಬ್ಲೂ-ರೇ ಆದರೆ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಎಂದೂ ಬೇಡ, ಬೆರಳು ತಾಗಿದರೆ ಶಾಯಿ ಅಳಿಸುತ್ತದೆ. ಒಳಗಿನ ಕಾಗದದ ಹೊದಿಕೆಯನ್ನು ಮನೆಯಲ್ಲೇ ಹೊರತೆಗೆದು ಫೋಲ್ಡರಿನಲ್ಲಿಡಿ. ಟೇಬಲ್ ಮುಂದೆ ನಿಂತು ಉಗುರಿನಲ್ಲಿ ಕೆರೆಯುತ್ತ ತೆಗೆಯಲು ಹೋದರೆ ಕಾಗದ ಹರಿಯುತ್ತದೆ, ಹಿಂದಿನವರು ಗೊಣಗುತ್ತಾರೆ.

ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರವನ್ನು ಮನೆಯ ಇಂಕ್‌ಜೆಟ್‌ನಲ್ಲಿ ಮುದ್ರಿಸಿ ತರುವುದು ಅಗ್ಗದ ದಾರಿ, ಫಲಿತಾಂಶವೂ ಅಗ್ಗವೇ. 8×10 ಇಂಚು ಚೊಕ್ಕವಾಗಿ ಬರಬೇಕಾದರೆ ಚಿತ್ರ 2400×3000 ಪಿಕ್ಸೆಲ್ ಇರಬೇಕು. ಸಿಕ್ಕುವುದು ಬಹುಪಾಲು ಅದರ ಕಾಲುಭಾಗ. ಮೇಲಾಗಿ ಇಂಕ್‌ಜೆಟ್ ಕಾಗದ ಮಾರ್ಕರಿನ ಶಾಯಿಯನ್ನು ಹೀರಿ ಮಂಕು ಮಾಡುತ್ತದೆ. ಫೋಟೊ ಲ್ಯಾಬಿನ ಪ್ರಿಂಟ್ ಒಯ್ಯಿರಿ.

ಅಮೆರಿಕದ ಹಳೆಯ ಒನ್-ಶೀಟ್ ಪೋಸ್ಟರ್ 27×41 ಇಂಚು, ಅಡ್ಡಗಲದ ಬ್ರಿಟಿಷ್ ಪೋಸ್ಟರ್ ಕ್ವಾಡ್ 40×30, ಚಿತ್ರಮಂದಿರದ ಒಳಗೆ ತೂಗುಹಾಕುತ್ತಿದ್ದ ಚಿಕ್ಕ ಪ್ರಚಾರಚಿತ್ರ ಲಾಬಿ ಕಾರ್ಡ್ 14×11. 1980ರ ದಶಕದ ಮಧ್ಯದವರೆಗಿನ ಒನ್-ಶೀಟ್‌ಗಳನ್ನು ಮಡಚಿಯೇ ಕಳಿಸುತ್ತಿದ್ದರು, ಹಾಗಾಗಿ ಮಡಿಕೆ ಗೆರೆಗಳಿರುತ್ತವೆ. ಗೆರೆಯ ಮೇಲೆ ಬಂದ ಸಹಿ ಆಮೇಲೆ ಅಲ್ಲೇ ಬಿರಿಯುತ್ತದೆ. ಸುತ್ತಿದ ಪೋಸ್ಟರ್ ಟೇಬಲ್ ಮೇಲೆ ಮತ್ತೆ ಮತ್ತೆ ಸುರುಳಿಯಾಗಿ ಹಾಸಿಟ್ಟ ಫೋಟೊಗಳನ್ನೆಲ್ಲ ಬೀಳಿಸುವುದು ಎಲ್ಲ ಮೇಳಗಳಲ್ಲೂ ಕಾಣುವ ದೃಶ್ಯ. ಹಿಂದಿನ ರಾತ್ರಿಯೇ ಬಿಡಿಸಿ ಮೇಲೆ ಪುಸ್ತಕ ಹೇರಿಡಿ. ಸಹಿ ಬೇಕಾದ ಮೂಲೆ ಮಾತ್ರ ಹೊರಗೆ ಕಾಣುವಂತೆ ಸುತ್ತಿಕೊಂಡು ಹೋದರೆ ಇನ್ನೂ ಸುಲಭ. ನಮ್ಮ ಸಲಹೆ ಲಾಬಿ ಕಾರ್ಡ್: ಗಟ್ಟಿ ಕಾಗದ, ಫೋಲ್ಡರಿನಲ್ಲಿ ಹಿಡಿಯುವ ಅಳತೆ, ಚಿತ್ರ ಬಿಡುಗಡೆಯಾದ ಕಾಲದ ವಸ್ತು.

ನಗ್ನ ದೃಶ್ಯದ ಚಿತ್ರಗಳನ್ನು ಒಯ್ಯಬೇಡಿ. ಬಹಳ ನಟಿಯರು ಅವಕ್ಕೆ ಸಹಿ ಹಾಕುವುದಿಲ್ಲ, ಹಾಕದಿದ್ದರೂ ನೀವು ತಂದದ್ದನ್ನು ನೋಡಿರುತ್ತಾರೆ. ಆಮೇಲಿನ ಎರಡು ನಿಮಿಷಕ್ಕೆ ಅರ್ಥವಿರುವುದಿಲ್ಲ.

ಪೆನ್ನು

ಇಲ್ಲಿ ಸ್ವಲ್ಪ ನಿಧಾನಿಸೋಣ. ಹೆಚ್ಚು ಜನರ ಸಹಿ ಹಾಳಾಗುವುದು ಇಲ್ಲೇ.

ತಿಳಿ ಬಣ್ಣದ ಗ್ಲಾಸಿ ಫೋಟೊಗೆ ನೀಲಿ ಶಾರ್ಪಿ (ಮಾರ್ಕರ್ ಪೆನ್), ಸಾಧಾರಣ ಮೊನೆಯದು. ಕಪ್ಪು ಶಾಯಿಯ ಸಹಿ ಅಚ್ಚಾದದ್ದೋ ಬರೆದದ್ದೋ ತಿಳಿಯುವುದಿಲ್ಲ, ನೀಲಿಯಲ್ಲಿ ಆ ಗೊಂದಲ ಕಡಿಮೆ. ಕಪ್ಪು ಹಿನ್ನೆಲೆಗೆ ಬೆಳ್ಳಿ ಬಣ್ಣ ಬೇಕು. ಬೆಳ್ಳಿ ಶಾರ್ಪಿ ಸುಲಭ, ಆದರೆ ತೆಳುವಾಗಿ ಬರುತ್ತದೆ. ಎಣ್ಣೆ ಆಧಾರಿತ ಪೇಂಟ್ ಪೆನ್ ದಟ್ಟವಾಗಿ ಬರುತ್ತದೆ, ಆದರೆ ಅದನ್ನು ಪಳಗಿಸಬೇಕು. ಹೊಸ ಪೇಂಟ್ ಪೆನ್ನಿನ ಮೊನೆ ಒಣಗಿ ಬೆಳ್ಳಗಿರುತ್ತದೆ. ಮುಚ್ಚಳ ಹಾಕಿಯೇ ಒಳಗಿನ ಗುಂಡು ಟಕಟಕ ಅನ್ನುವವರೆಗೆ ಅಲುಗಾಡಿಸಿ, ಆಮೇಲೆ ರದ್ದಿ ಕಾಗದದ ಮೇಲೆ ಮೊನೆಯನ್ನು ಒತ್ತಿ ಬಿಡಿ, ಒತ್ತಿ ಬಿಡಿ. ಬಣ್ಣ ಮೊನೆಯವರೆಗೆ ಇಳಿದ ಮೇಲೆ ನಾಲ್ಕು ಗೆರೆ ಎಳೆದು ನೋಡಿ. ಈ ಕೆಲಸ ಹೋಟೆಲ್ ರೂಮಿನಲ್ಲೇ ಆಗಬೇಕು, ಕ್ಯೂನಲ್ಲಿ ಇನ್ನೊಂದು ಸಲ. ಪಳಗಿಸದ ಪೆನ್ನು ಕೊಟ್ಟರೆ ಮೊದಲ ಅಕ್ಷರ ಬರುವುದೇ ಇಲ್ಲ. ಆಕೆ ಜೋರಾಗಿ ಒತ್ತುತ್ತಾರೆ, ಎರಡನೇ ಅಕ್ಷರದ ಮೇಲೆ ದೊಡ್ಡ ಹನಿ ಬೀಳುತ್ತದೆ.

ಗ್ಲಾಸಿ ಕಾಗದದ ಮೇಲೆ ಶಾಯಿ ಮಣಿ ಮಣಿಯಾಗಿ ಒಡೆದರೆ ಅದಕ್ಕೆ ಕಾರಣ ಬೆರಳಿನ ಜಿಡ್ಡು. ಫೋಟೊ ಹಿಡಿಯುವಾಗ ಅಂಚು ಮಾತ್ರ ಮುಟ್ಟಿ, ಸಹಿಯ ಜಾಗವನ್ನು ಒಣ ಮೈಕ್ರೊಫೈಬರ್ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಸಹಿಯಾದ ಮೇಲೆ ಸ್ಯಾನಿಟೈಸರ್ ಹಚ್ಚಿದ ಕೈ ಹತ್ತಿರ ತರಬೇಡಿ. ಶಾರ್ಪಿ ಆಲ್ಕೋಹಾಲಿನಲ್ಲಿ ಕರಗುತ್ತದೆ, ಮೇಳದಲ್ಲಿ ಪ್ರತಿ ಟೇಬಲ್ ಮೇಲೂ ಸ್ಯಾನಿಟೈಸರ್ ಬಾಟಲಿ ಇರುತ್ತದೆ. ಪುಸ್ತಕದ ಪುಟಕ್ಕೆ ಮಾತ್ರ ಬಾಲ್‌ಪೆನ್ ಅಥವಾ ಜೆಲ್ ಪೆನ್, ಏಕೆಂದರೆ ಮಾರ್ಕರ್ ಹಿಂದಿನ ಪುಟಕ್ಕೆ ಇಳಿಯುತ್ತದೆ.

ಭಾರತದಿಂದ ಹೋಗುವವರು ಪೇಂಟ್ ಪೆನ್ನನ್ನು ಅಲ್ಲಿಯೇ ಕೊಳ್ಳಿ. ವಿಮಾನದ ಒತ್ತಡಕ್ಕೆ ಸೋರಿ ಚೀಲ ಹಾಳಾಗುತ್ತದೆ.

ಒಣಗಲು ಶಾರ್ಪಿಗೆ ಒಂದೆರಡು ನಿಮಿಷ ಸಾಕು, ಪೇಂಟ್ ಪೆನ್ನಿಗೆ ಹದಿನೈದಾದರೂ ಬೇಕು. ಖಾಲಿ ಮೂಲೆ ನೋಡಿಕೊಂಡು ನಿಲ್ಲಿ. ಹಸಿ ಸಹಿಯನ್ನು ಕವರಿಗೆ ತುರುಕಿದರೆ ಅರ್ಧ ಸಹಿ ಕವರಿನ ಪಾಲಾಗುತ್ತದೆ.

ದುಡ್ಡು

ಕಲ್ಟ್ ಚಿತ್ರಗಳ ನಟಿಯರ ಸಹಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ 30ರಿಂದ 60 ಡಾಲರ್. ಟೇಬಲ್ ಬಳಿ ನಿಮ್ಮ ಫೋನಿನಲ್ಲೇ ತೆಗೆಯುವ ಸೆಲ್ಫಿಗೆ ಇನ್ನೊಂದು 20ರಿಂದ 40. ಎರಡೂ ಸೇರಿ 'ಕಾಂಬೊ' ಎಂದು ಸ್ವಲ್ಪ ಕಡಿಮೆಗೆ ಕೊಡುವುದೂ ಉಂಟು, ಬೆಲೆ ಫಲಕ ನೋಡಿ. ದೊಡ್ಡ ಹೆಸರಿನವರದು ಇದಕ್ಕಿಂತ ಬಹಳ ಮೇಲೆ. ಪಾತ್ರದ ಹೆಸರನ್ನೋ ಚಿತ್ರದ ಸಂಭಾಷಣೆಯನ್ನೋ ಬರೆಸಿಕೊಳ್ಳಲು ಕೆಲವರು ಹೆಚ್ಚುವರಿ ಕೇಳುತ್ತಾರೆ.

ನಗದು ಒಯ್ಯಿರಿ, 20 ಡಾಲರ್ ನೋಟುಗಳಲ್ಲಿ, ಜೊತೆಗೆ ನಾಲ್ಕಾರು ಹತ್ತು ಮತ್ತು ಐದರ ನೋಟು. ಫೋನಿನಲ್ಲಿ ಹಣ ಕಳಿಸುವ ವೆನ್ಮೊ ಆ್ಯಪ್, ಕಾರ್ಡ್ ತೆಗೆದುಕೊಳ್ಳುವವರು ಹೆಚ್ಚುತ್ತಿದ್ದಾರೆ ನಿಜ, ಆದರೆ ಸಾವಿರಾರು ಜನ ಸೇರಿದ ಸಭಾಂಗಣದೊಳಗೆ ಫೋನ್ ಸಿಗ್ನಲ್ ಕೈಕೊಡುತ್ತದೆ. ಹೋಟೆಲ್ಲಿನ ಎಟಿಎಂ ಶನಿವಾರ ಮಧ್ಯಾಹ್ನಕ್ಕೆ ಖಾಲಿ. ಚೌಕಾಸಿ ಬೇಡ. ದುಡ್ಡನ್ನು ಆಕೆಯ ಕೈಗೆ ಕೊಡದೆ ಪಕ್ಕದಲ್ಲಿ ಕೂತ ಸಹಾಯಕರಿಗೆ ಕೊಡಿ, ವ್ಯವಹಾರ ಅಲ್ಲಿಗೆ ಮುಗಿಯುತ್ತದೆ.

ಹೆಸರಿನ ಚೀಟಿ

ಸಹಾಯಕರು ಸ್ಟಿಕಿ ನೋಟ್ ಮೇಲೆ ನಿಮ್ಮ ಹೆಸರು ಬರೆದು ವಸ್ತುವಿಗೆ ಅಂಟಿಸುತ್ತಾರೆ. ಚಂದ್ರಶೇಖರ, ವಿಜಯಲಕ್ಷ್ಮಿ ಅನ್ನುವ ಹೆಸರನ್ನು ಗದ್ದಲದಲ್ಲಿ ಬಾಯಲ್ಲಿ ಹೇಳಿದರೆ ಏನಾಗುತ್ತದೆಂದು ಕಾಫಿ ಅಂಗಡಿಯ ಲೋಟ ನೋಡಿದ ಕನ್ನಡಿಗರಿಗೆ ಹೇಳಬೇಕಿಲ್ಲ. ಚೀಟಿ ಮನೆಯಿಂದಲೇ ಬರೆದು ತನ್ನಿ: ಇಂಗ್ಲಿಷ್ ದೊಡ್ಡ ಅಕ್ಷರ, ದಪ್ಪ ಪೆನ್ನು, ಸಾಧ್ಯವಾದರೆ ಚಿಕ್ಕ ಹೆಸರು. ಶೇಖರ್ ಸಾಕು, ವಿಜಯಾ ಸಾಕು. ಅದೇ ಚೀಟಿಯಲ್ಲಿ ಬಾಣ ಹಾಕಿ ಸಹಿಯ ಜಾಗ ತೋರಿಸಿ. ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟು ನಕಲು ಮಾಡಿಸುವ ಆಸೆ ಮಾತ್ರ ಬೇಡ, ಹಿಂದೆ ಕ್ಯೂ ಇದೆ.

ಹೆಸರು ಬರೆಸಿದರೆ ಮರುಮಾರಾಟದ ಬೆಲೆ ಇಳಿಯುತ್ತದೆ. ಮಾರುವ ಯೋಚನೆ ಇಲ್ಲದವರಿಗೆ ಅದೇ ಲಾಭ. ಹೆಸರು ಬರೆಸುವವರು ವ್ಯಾಪಾರಿಗಳಲ್ಲ ಎಂದು ತಿಳಿದರೆ ನಟಿಯರು ಇನ್ನೊಂದು ಸಾಲು ತಾವಾಗಿ ಬರೆಯುವುದುಂಟು.

ಮಾತು

ಉದಾಹರಣೆಗೆ ಕ್ಯಾರೊಲೈನ್ ಮನ್ರೋ ಅವರನ್ನು ತೆಗೆದುಕೊಳ್ಳಿ. ಬ್ರಿಟಿಷ್ ನಟಿ, ಹ್ಯಾಮರ್ ಸಂಸ್ಥೆಯ ಹಾರರ್ ಚಿತ್ರಗಳಿಂದ ಹೆಸರಾದವರು, 1977ರ ಬಾಂಡ್ ಚಿತ್ರ 'ದಿ ಸ್ಪೈ ಹೂ ಲವ್ಡ್ ಮಿ'ಯಲ್ಲಿ ಹೆಲಿಕಾಪ್ಟರ್ ಹಾರಿಸಿದವರು, ಅಟ್ಲಾಂಟಿಕ್‌ನ ಎರಡೂ ದಡದ ಕನ್ವೆನ್ಷನ್‌ಗಳಿಗೆ ಪರಿಚಿತರು. ಆಕೆಯ ಮುಂದೆ ನಿಂತವರಲ್ಲಿ ಹೆಚ್ಚಿನವರು ಕೇಳುವುದು ಆ ಚಿತ್ರದ ಬಾಂಡ್ ಬಗ್ಗೆ: 'ರೋಜರ್ ಮೂರ್ ಜೊತೆ ಕೆಲಸ ಹೇಗಿತ್ತು?' ಅದಕ್ಕೆ ವರ್ಷಗಟ್ಟಲೆ ಹೇಳಿ ಸವೆದ ಉತ್ತರ ಸಿದ್ಧವಿರುತ್ತದೆ, ನಿಮಗೂ ಅದೇ ಸಿಗುತ್ತದೆ.

ಇದಕ್ಕಿಂತ ಕೆಟ್ಟದ್ದು ತಪ್ಪು ಹೊಗಳಿಕೆ. 1978ರ 'ಸ್ಟಾರ್‌ಕ್ರ್ಯಾಶ್' ಚಿತ್ರದಲ್ಲಿ ಸ್ಟೆಲ್ಲಾ ಸ್ಟಾರ್ ಪಾತ್ರ ಆಕೆಯದೇ, ಆದರೆ ಇಂಗ್ಲಿಷ್ ಆವೃತ್ತಿಯಲ್ಲಿ ಕೇಳುವ ಧ್ವನಿ ಇನ್ನೊಬ್ಬ ನಟಿ ಕ್ಯಾಂಡಿ ಕ್ಲಾರ್ಕ್ ಅವರದು. 'ಆ ಚಿತ್ರದಲ್ಲಿ ನಿಮ್ಮ ದನಿ ಅದ್ಭುತ' ಎಂದರೆ ಆಕೆ ಮುಗುಳ್ನಗಬಹುದು, ಮಾತು ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ನಟಿ ಯಾರೇ ಇರಲಿ, ಡಬ್ಬಿಂಗ್, ಡ್ಯೂಪ್, ಮರುಚಿತ್ರೀಕರಣದ ವಿಷಯ ಮೊದಲೇ ನೋಡಿಕೊಳ್ಳಿ. ಇಟಲಿಯಲ್ಲಿ ತಯಾರಾದ ಚಿತ್ರಗಳಲ್ಲಿ ಧ್ವನಿ ಬೇರೆಯವರದಾಗಿರುವುದೇ ಹೆಚ್ಚು.

ಒಳ್ಳೆಯ ಪ್ರಶ್ನೆ ಒಂದು ದೃಶ್ಯಕ್ಕೋ ಒಂದು ವಸ್ತುವಿಗೋ ಅಂಟಿಕೊಂಡಿರುತ್ತದೆ, ಒಂದೇ ಉಸಿರಿನಲ್ಲಿ ಮುಗಿಯುತ್ತದೆ. 1973ರ 'ದಿ ಗೋಲ್ಡನ್ ವಾಯೇಜ್ ಆಫ್ ಸಿನ್‌ಬ್ಯಾಡ್'ನಲ್ಲಿ ಆಕೆಯ ಪಾತ್ರದ ಅಂಗೈಯಲ್ಲಿ ಒಂದು ಕಣ್ಣಿನ ಹಚ್ಚೆ ಇದೆ. ಅದನ್ನು ದಿನಾ ಹೊಸದಾಗಿ ಬರೆಯುತ್ತಿದ್ದರೇ? ವಿಶೇಷ ಪರಿಣಾಮಗಳ ತಜ್ಞ ರೇ ಹ್ಯಾರಿಹೌಸನ್ ಅವರ ಸ್ಟಾಪ್-ಮೋಷನ್ (ಗೊಂಬೆಯನ್ನು ಒಂದೊಂದೇ ಫ್ರೇಮಿಗೆ ಅಲುಗಿಸಿ ಚಿತ್ರಿಸಿದ) ರಾಕ್ಷಸರನ್ನು ಆಮೇಲೆ ಸೇರಿಸಿದ್ದು, ಚಿತ್ರೀಕರಣದ ಹೊತ್ತಿಗೆ ಎದುರಿಗೆ ಬರೀ ಗಾಳಿ. ಎಷ್ಟು ಎತ್ತರಕ್ಕೆ ನೋಡಿ ಹೆದರಬೇಕೆಂದು ಹೇಗೆ ಗೊತ್ತಾಗುತ್ತಿತ್ತು? ಆ ಚಿತ್ರದಲ್ಲಿ ಆರು ಕೈಯ ಕಾಳಿಯ ವಿಗ್ರಹ ಜೀವ ತಳೆದು ಕತ್ತಿ ಹಿಡಿಯುತ್ತದೆ; ಭಾರತದ ಪ್ರೇಕ್ಷಕರಿಗೆ ಆ ದೃಶ್ಯ ಹೇಗೆ ಕಾಣುತ್ತದೆಂದು ಒಂದು ಮಾತು ಹೇಳಿದರೆ ಪ್ರಶ್ನೆಯನ್ನು ಆಕೆಯೇ ನಿಮಗೆ ಕೇಳಬಹುದು. 1971ರ 'ದಿ ಅಬಾಮಿನಬಲ್ ಡಾ. ಫೈಬ್ಸ್'ನಲ್ಲಿ ಆಕೆ ವಿನ್ಸೆಂಟ್ ಪ್ರೈಸ್ ಪಾತ್ರದ ಸತ್ತ ಹೆಂಡತಿ, ತೆರೆಯ ಮೇಲೆ ಹೆಸರೂ ಇಲ್ಲ. ಉಸಿರು ಬಿಗಿಹಿಡಿದು ಮಲಗಿದ್ದರ ಬಗ್ಗೆ ಕೇಳಿದರೆ ಅದೂ ಒಳ್ಳೆಯ ಪ್ರಶ್ನೆಯೇ.

ಎರಡು ಪ್ರಶ್ನೆ ಸಿದ್ಧವಿರಲಿ, ಒಂದು ಕೇಳಿ. ಆಕೆ ಸಹಿ ಹಾಕುತ್ತಿರುವಾಗ ಕೇಳಬೇಡಿ, ಕೈ ತಪ್ಪುತ್ತದೆ. ಪೆನ್ನು ಕೆಳಗಿಟ್ಟ ಮೇಲೆ ಕೇಳಿ. ವಯಸ್ಸು, ಮದುವೆ, ಬೆತ್ತಲೆ ದೃಶ್ಯ, 'ಹರೆಯದಲ್ಲಿ ನಿಮ್ಮ ಪೋಸ್ಟರ್ ನನ್ನ ರೂಮಿನಲ್ಲಿತ್ತು' ಎಂಬ ಮಾತು, ಇವೆಲ್ಲ ಬೇಡ. ಕೊನೆಯದನ್ನು ಹೊಗಳಿಕೆ ಎಂದುಕೊಂಡೇ ಎಲ್ಲರೂ ಹೇಳುತ್ತಾರೆ, ಕೇಳುವವರಿಗೆ ಹಾಗೆ ಕೇಳಿಸುವುದಿಲ್ಲ.

ಸಂಬೋಧನೆಗೆ ನಮ್ಮ 'ಮೇಡಂ' ಅಲ್ಲಿ ಅಂಗಡಿಯ ಮಾತಿನಂತೆ ಕೇಳುತ್ತದೆ. 'ಮಿಸ್ ಮನ್ರೋ' ಎಂದು ಶುರು ಮಾಡಿ. ಹೆಸರು ಹಿಡಿದೇ ಕರೆಯಿರಿ ಎಂದು ಅವರೇ ಹೇಳುತ್ತಾರೆ. ಕೈಕುಲುಕಲು ನೀವಾಗಿ ಕೈ ಚಾಚಬೇಡಿ, ದಿನಕ್ಕೆ ನೂರಾರು ಜನರನ್ನು ನೋಡುವವರಿಗೆ ನೆಗಡಿ, ಜ್ವರದ ಭಯ ಇರುತ್ತದೆ. ಕೈ ಮುಗಿದು ನಮಸ್ಕಾರ ಎಂದರೆ ಅದೂ ಆಯಿತು, ಇದೂ ಆಯಿತು. ಕಾಲು ಮುಟ್ಟಲು ಬಾಗಬೇಡಿ, ಟೇಬಲ್ ಕೆಳಗೆ ನುಗ್ಗಿದಿರೆಂದು ಭದ್ರತೆಯವರು ಬರುತ್ತಾರೆ.

ಉಡುಗೊರೆ ಕೊಡುವುದಿದ್ದರೆ ಚಿಕ್ಕದು, ಹಗುರವಾದದ್ದು, ಸೂಟ್‌ಕೇಸಿನಲ್ಲಿ ಒಡೆಯದ್ದು. ಚನ್ನಪಟ್ಟಣದ ಗೊಂಬೆ ಅಥವಾ ಪೊಟ್ಟಣ ಬಿಚ್ಚದ ಮೈಸೂರು ಸ್ಯಾಂಡಲ್ ಸೋಪು ಸರಿ. ಮನೆಯಲ್ಲಿ ಮಾಡಿದ ಮೈಸೂರು ಪಾಕ್ ಬೇಡ. ಅಪರಿಚಿತರು ಕೊಟ್ಟ ತಿನಿಸನ್ನು ಅವರು ತಿನ್ನುವುದಿಲ್ಲ, ನೀವು ಹೋದ ಮೇಲೆ ಅದು ಕಸದ ಬುಟ್ಟಿಗೆ.

ಫೋಟೊ

ಟೇಬಲ್ ಸೆಲ್ಫಿಗೆ ಫೋನಿನ ಕ್ಯಾಮೆರಾ ತೆರೆದು, ಫ್ಲ್ಯಾಶ್ ಆರಿಸಿ, ಸಹಾಯಕರ ಕೈಗೆ ಕೊಡಿ. ನಾಲ್ಕೈದು ತೆಗೆಯಿರಿ ಎಂದು ಹೇಳಿ. ಬಾಲ್‌ರೂಮಿನ ಮಂದ ಬೆಳಕಿನಲ್ಲಿ ಒಂದೇ ತೆಗೆದರೆ ಅದು ಅಲುಗಾಡಿರುತ್ತದೆ. ಬೆನ್ನಿನ ಚೀಲ ಮೊದಲೇ ಇಳಿಸಿ. ಭುಜದ ಮೇಲೆ ಕೈ ಹಾಕುವುದಾದರೆ ಕೇಳಿ ಹಾಕಿ, ಇಲ್ಲದಿದ್ದರೆ ಕೈ ನಿಮ್ಮ ಮುಂದೆಯೇ ಇರಲಿ.

ಮುಂಗಡ ಕಾದಿರಿಸುವ ಫೋಟೊ ಆಪ್ ಬೇರೆಯೇ ವ್ಯವಸ್ಥೆ: ಪರದೆ, ಸ್ಟುಡಿಯೊ ಬೆಳಕು, ಒಳ್ಳೆಯ ಪ್ರಿಂಟು, ಒಬ್ಬರಿಗೆ ಹತ್ತು ಸೆಕೆಂಡು. ಮಾತಿಗೆ ಅಲ್ಲಿ ಎಡೆಯಿಲ್ಲ. ಎರಡೂ ಬೇಕೆಂದರೆ ಫೋಟೊ ಆಪ್ ಮೊದಲು ಮುಗಿಸಿ, ಆ ಪ್ರಿಂಟಿನ ಮೇಲೇ ಟೇಬಲ್ ಬಳಿ ಸಹಿ ಹಾಕಿಸಿ. ಒಂದನ್ನೇ ಆರಿಸಬೇಕಾದರೆ ಟೇಬಲ್.

ಮನೆಗೆ ತಂದ ಮೇಲೆ

ಮುಂದೆ ಯಾರಾದರೂ ಸಹಿ ಅಸಲಿಯೇ ಎಂದು ಕೇಳಿದರೆ, ಆಕೆ ಆ ವಸ್ತುವಿನ ಮೇಲೇ ಬರೆಯುತ್ತಿರುವ ಫೋಟೊ ಒಳ್ಳೆಯ ಸಾಕ್ಷಿ. ತೆಗೆಯಬಹುದೇ ಎಂದು ಸಹಾಯಕರನ್ನು ಕೇಳಿ, ಟಿಕೆಟ್ಟನ್ನೂ ಜೊತೆಗಿಡಿ. ದೊಡ್ಡ ಮೇಳಗಳಲ್ಲಿ ಜೆಎಸ್‌ಎ, ಬೆಕೆಟ್ ತರಹದ ದೃಢೀಕರಣ ಸಂಸ್ಥೆಗಳ ಟೇಬಲ್ ಇರುತ್ತದೆ, ಶುಲ್ಕ ತೆಗೆದುಕೊಂಡು ಸಂಖ್ಯೆಯಿರುವ ಸ್ಟಿಕರ್ ಅಂಟಿಸುತ್ತಾರೆ. ಮಾರುವ ಉದ್ದೇಶವಿಲ್ಲದವರಿಗೆ ಆ ಖರ್ಚು ದಂಡ. ಅದೇ ಸಭಾಂಗಣದ ವ್ಯಾಪಾರಿಗಳ ಮಳಿಗೆಯಲ್ಲಿ ಸಹಿ ಹಾಕಿದ ಫೋಟೊ ಅಗ್ಗಕ್ಕೆ ಸಿಕ್ಕರೆ, ಮಾರುವವರೇ ಅಚ್ಚು ಹಾಕಿಸಿದ ಪ್ರಮಾಣಪತ್ರವನ್ನು ನಂಬಿ ಕೊಳ್ಳಬೇಡಿ.

8×10 ಫೋಟೊವನ್ನು ಪಾಲಿಪ್ರೊಪಿಲೀನ್ ಅಥವಾ ಮೈಲಾರ್ ಕವರಿನಲ್ಲಿಟ್ಟು ಹಿಂದೆ ಆಮ್ಲರಹಿತ ರಟ್ಟು ಕೊಡಿ. ಸ್ಟೇಷನರಿ ಅಂಗಡಿಯ ಅಗ್ಗದ ಪಿವಿಸಿ ಕವರ್ ಕೆಲವು ವರ್ಷಕ್ಕೆ ಅಂಟಂಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ, ನಮ್ಮ ಸೆಖೆಯಲ್ಲಿ ಇನ್ನೂ ಬೇಗ. ಕರಾವಳಿಯವರು ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ಹಾಕುವುದಾದರೆ ಗಾಜು ಫೋಟೊಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇಡಿಸಿ, ಬಿಸಿಲು ಬೀಳದ ಗೋಡೆ ಆರಿಸಿ. ಶಾರ್ಪಿಯ ನೀಲಿ ಬೆಳಕಿಗೆ ಬಹು ಬೇಗ ಮಾಸುತ್ತದೆ, ಯುವಿ ಗಾಜು ಅದನ್ನು ನಿಧಾನಿಸುತ್ತದೆ, ತಡೆಯುವುದಿಲ್ಲ. ಹಾಗಾಗಿ ಮೊದಲ ವಾರದಲ್ಲೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಗೋಡೆಗೆ ಅದರ ಪ್ರಿಂಟ್ ಹಾಕಿ, ಅಸಲನ್ನು ಬೀರುವಿನಲ್ಲಿಡಿ.